ಮಾಡ್‌ಗಳು ಕೆಲಸ ಮಾಡ್ತಿಲ್ಲ, ಎಲ್ಲಾ ಅಳಿಸಿ ಮತ್ತೆ ಹಾಕ್ಲಾ?

ಸ್ಕೈರಿಮ್ ಅನ್ನೋ ಕಂಪ್ಯೂಟರ್ ಆಟಕ್ಕೆ ಮಾಡ್‌ಗಳನ್ನು, ಅಂದರೆ ಆಟವನ್ನು ಬದಲಿಸುವ ಹೊರಗಿನ ಫೈಲುಗಳನ್ನು, ಹಾಕಿಕೊಂಡು ಆಡುವ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಹೀಗಿರುತ್ತದೆ: "ಮುನ್ನೂರು ಮಾಡ್ ಹಾಕಿದ್ದೆ. ನಿನ್ನೆವರೆಗೂ ಚೆನ್ನಾಗಿತ್ತು. ಇವತ್ತು ಮೆನು ಬರೋ ಮೊದಲೇ ಆಟ ಮುಚ್ಚಿಕೊಳ್ತಿದೆ. ಮಾಡ್ ಆರ್ಗನೈಸರ್ ಕೆಟ್ಟುಹೋಗಿದೆ ಅನ್ಸುತ್ತೆ. ಎಲ್ಲಾ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡ್ಲಾ?"

ಬೇಡ. ದಯವಿಟ್ಟು ಬೇಡ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಗುತ್ತದೆ. ಆ ಪಟ್ಟಿಯನ್ನು ನೀವು ತಿಂಗಳುಗಟ್ಟಲೆ ಕೂತು, ಒಂದೊಂದನ್ನೂ ಓದಿ ಆರಿಸಿ ಜೋಡಿಸಿರುತ್ತೀರಿ. ಎಲ್ಲೋ ಒಂದು ಕಡೆ ಕೊಂಡಿ ತಪ್ಪಿದೆ, ಅಷ್ಟೇ. ಅದನ್ನು ಹುಡುಕೋಣ.

ಮೊದಲು, ಮಾಡ್‌ಗಳನ್ನು ಹಾಕಿ ನಿಭಾಯಿಸುವ ಮಾಡ್ ಆರ್ಗನೈಸರ್ 2 ಅನ್ನೋ ಪ್ರೋಗ್ರಾಮ್ ಏನು ಮಾಡುತ್ತದೆ ಅನ್ನೋದು ತಿಳಿದಿರಬೇಕು. ಇದೊಂದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ಅದು ಮಾಡ್ ಫೈಲುಗಳನ್ನು ಆಟದ ಡಾಟಾ ಫೋಲ್ಡರ್‌ಗೆ ಸುರಿಯುವುದಿಲ್ಲ. ಪ್ರತಿ ಮಾಡ್‌ಗೂ ಬೇರೆಯದೇ ಫೋಲ್ಡರ್ ಇರುತ್ತದೆ. ನೀವು ಅದರೊಳಗಿನ ರನ್ ಬಟನ್ ಒತ್ತಿ ಆಟ ಶುರು ಮಾಡಿದಾಗ, ಆ ಫೈಲುಗಳೆಲ್ಲ ಡಾಟಾ ಫೋಲ್ಡರ್‌ನಲ್ಲೇ ಇರುವ ಹಾಗೆ ಆಟಕ್ಕೆ ತೋರಿಸುತ್ತದೆ. ಆಟ ಮುಚ್ಚಿದರೆ ಫೋಲ್ಡರ್ ಮೊದಲಿನಂತೇ ಇರುತ್ತದೆ.

ಹಾಗಾಗಿ ಸ್ಟೀಮ್‌ನ ಪ್ಲೇ ಬಟನ್ ಒತ್ತಿದರೆ ಒಂದು ಮಾಡ್ ಕೂಡ ಕಾಣುವುದಿಲ್ಲ. "ಎಲ್ಲಾ ಟಿಕ್ ಆಗಿದೆ, ಆದ್ರೆ ಆಟದಲ್ಲಿ ಏನೂ ಬಂದಿಲ್ಲ" ಅನ್ನುವವರನ್ನು ನಾನು ಮೊದಲು ಕೇಳುವುದೇ ಇದನ್ನ: ಆಟ ಎಲ್ಲಿಂದ ಶುರು ಮಾಡಿದ್ರಿ? ಪ್ಲಗಿನ್‌ಗಳನ್ನು (ಮಾಡ್ ಏನು ಸೇರಿಸುತ್ತದೆ ಅಂತ ಆಟಕ್ಕೆ ಹೇಳುವ ಫೈಲುಗಳನ್ನು) ಸಾಲಾಗಿ ಜೋಡಿಸುವ ಲೂಟ್, ಅವನ್ನು ತೆರೆದು ತಿದ್ದುವ ಎಕ್ಸ್‌ಎಡಿಟ್‌ನಂಥ ಟೂಲ್‌ಗಳಿಗೂ ಇದೇ ಮಾತು. ಹೊರಗಿನಿಂದ ತೆರೆದರೆ ಅವಕ್ಕೆ ನಿಮ್ಮ ಮಾಡ್‌ಗಳು ಇರುವುದೇ ಗೊತ್ತಾಗುವುದಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ನನ್ನ ಅಕ್ಕನ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. "ಮಾವ, ಈ ಕವಚದ ಮಾಡ್ ಮೂರು ಸಲ ಹಾಕ್ದೆ, ಬರ್ತಾನೇ ಇಲ್ಲ." ನೋಡಿದೆ. ಎಡಗಡೆ ಪಟ್ಟಿಯಲ್ಲಿ ಆ ಮಾಡ್ ಸಾಲಿನಲ್ಲಿ ಸಣ್ಣದೊಂದು ಕೆಂಪು ಗುರುತು ಇತ್ತು. "ಇದೇನು ನೋಡಿದ್ಯಾ?" ಅಂದೆ. ಇಲ್ಲ ಅಂದ. ಸಾಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ಫೈಲ್‌ಟ್ರೀ ತೆರೆಸಿದೆ. ಒಳಗೆ ಎರಡು ಫೋಲ್ಡರ್. ಒಂದು ಮುಖ್ಯ ಮಾಡ್, ಇನ್ನೊಂದು ಬೇರೆ ಬಣ್ಣದ ಕವಚ. ಮೆಶಸ್ (ಆಕಾರದ ಫೈಲುಗಳು), ಟೆಕ್ಸ್ಚರ್ಸ್ (ಮೇಲ್ಮೈಯ ಚಿತ್ರಗಳು) ಎಲ್ಲ ಅವುಗಳೊಳಗೆ ಹುದುಗಿದ್ದವು. ಅವು ಒಂದು ಮೆಟ್ಟಿಲು ಮೇಲಿರಬೇಕಿತ್ತು.

ಇನ್‌ಸ್ಟಾಲ್ ಮಾಡುವಾಗಲೇ ಮಾಡ್ ಆರ್ಗನೈಸರ್ ಕಿಟಕಿಯ ಕೆಳಗೆ ಕೆಂಪಕ್ಷರದಲ್ಲಿ ಇದನ್ನು ಹೇಳಿರುತ್ತದೆ. ಅವನು ಓಕೆ ಒತ್ತಿ ಮುಂದೆ ಹೋಗಿದ್ದ. ಅದೇ ಮಾಡನ್ನು ಮತ್ತೆ ಹಾಕಿಸಿದೆ. ಈ ಸಲ ಮುಖ್ಯ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಾಟಾ ಡೈರೆಕ್ಟರಿ ಇದೇ ಅಂತ ಗೊತ್ತು ಮಾಡಿದ. ಕೆಂಪಕ್ಷರ ಹಸಿರಾಯಿತು. ಐದು ನಿಮಿಷದಲ್ಲಿ ಕವಚ ಆಟದಲ್ಲಿತ್ತು. ಅವನ ಮುಖ ನೋಡಬೇಕಿತ್ತು ನೀವು!

ಇನ್ನು ಮೆನು ಬರುವ ಮೊದಲೇ ಮುಚ್ಚಿಕೊಳ್ಳುವ ತೊಂದರೆ. ಇಲ್ಲಿ ನಾನು ಮೊದಲು ನೋಡುವುದು ಬಲಗಡೆಯ ಪ್ಲಗಿನ್ ಪಟ್ಟಿ. ಅಲ್ಲಿ ಯಾವುದರ ಪಕ್ಕದಲ್ಲಾದರೂ ಎಚ್ಚರಿಕೆಯ ತ್ರಿಕೋನ ಇದ್ದರೆ ಮೌಸ್ ಅದರ ಮೇಲಿಡಿ. ಯಾವ ಮಾಸ್ಟರ್ (ಅದಕ್ಕೆ ಆಧಾರವಾದ ಪ್ಲಗಿನ್) ಇಲ್ಲ ಅಂತ ಹೆಸರು ಸಮೇತ ತೋರಿಸುತ್ತದೆ. ಒಂದು ಪ್ಲಗಿನ್ ಇನ್ನೊಂದನ್ನು ನೆಚ್ಚಿಕೊಂಡಿರುತ್ತದೆ. ಆಧಾರವಾಗಿರುವುದನ್ನು ತೆಗೆದು, ನೆಚ್ಚಿಕೊಂಡಿದ್ದನ್ನು ಹಾಗೇ ಬಿಟ್ಟರೆ ಆಟ ಶುರುವಾಗುವಾಗಲೇ ಬಿದ್ದುಹೋಗುತ್ತದೆ.

ಇನ್ನೊಂದು ವಿಷಯ. ಎಡಗಡೆ ಪಟ್ಟಿ ಬೇರೆ, ಬಲಗಡೆ ಪಟ್ಟಿ ಬೇರೆ. ಒಂದೇ ಹೆಸರಿನ ಎರಡು ಫೈಲ್ ಇದ್ದಾಗ ಯಾವುದು ಗೆಲ್ಲಬೇಕು ಅನ್ನೋದನ್ನ ಎಡಗಡೆಯದು ತೀರ್ಮಾನಿಸುತ್ತದೆ. ಪ್ಲಗಿನ್‌ಗಳು ಯಾವ ಸಾಲಿನಲ್ಲಿ ಲೋಡ್ ಆಗಬೇಕು ಅನ್ನೋದು ಬಲಗಡೆಯದರ ಕೆಲಸ. ಲೂಟ್ ಸರಿಮಾಡುವುದು ಬಲಗಡೆಯದನ್ನು ಮಾತ್ರ. "ಲೂಟ್ ಓಡಿಸ್ದೆ, ಆದ್ರೂ ಮುಖದ ಬಣ್ಣ ಸರಿಹೋಗಿಲ್ಲ" ಅನ್ನುವವರು ಎಡಗಡೆ ನೋಡಬೇಕು.

ಏನೂ ಮುಟ್ಟದೆ ಕೆಟ್ಟಿತು ಅನ್ನುವವರ ಮಾತನ್ನೂ ನಾನು ನಂಬುತ್ತೇನೆ. ಅವರು ಮುಟ್ಟಿರುವುದಿಲ್ಲ, ಸ್ಟೀಮ್ ಮುಟ್ಟಿರುತ್ತದೆ. ಆಟಕ್ಕೆ ಹೊಸ ಸ್ಕ್ರಿಪ್ಟ್ ಸೌಲಭ್ಯ ಸೇರಿಸುವ ಎಸ್‌ಕೆಎಸ್‌ಇ ಅನ್ನೋ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಮೇಲೆ ದೊಡ್ಡ ದೊಡ್ಡ ಮಾಡ್‌ಗಳು ನಿಂತಿವೆ. ಅದು ಆಟದ ಆವೃತ್ತಿಗೆ ಸರಿಯಾಗಿ ಹೊಂದಿರಲೇಬೇಕು. 2021ರ ನವೆಂಬರ್‌ನಲ್ಲಿ ಸ್ಕೈರಿಮ್ ಸ್ಪೆಷಲ್ ಎಡಿಶನ್ 1.5.97ರಿಂದ 1.6ಕ್ಕೆ ಹೋದಾಗ ಎಷ್ಟೋ ಜನರ ಪಟ್ಟಿ ಒಂದೇ ದಿನದಲ್ಲಿ ನಿಂತುಹೋಯಿತು. 2023ರ ಡಿಸೆಂಬರ್‌ನಲ್ಲಿ ಮತ್ತೆ ಅದೇ ಕಥೆ. ಆಟ, ಎಸ್‌ಕೆಎಸ್‌ಇ, ಅದನ್ನು ನೆಚ್ಚಿಕೊಂಡ ಡಿಎಲ್‌ಎಲ್ (ಕೋಡ್ ಫೈಲ್) ಮಾಡ್‌ಗಳು, ಅವಕ್ಕೆ ಆಟದ ಕೋಡ್‌ನೊಳಗಿನ ಜಾಗ ತೋರಿಸುವ ಅಡ್ರೆಸ್ ಲೈಬ್ರರಿ ಎಲ್ಲವೂ ಒಂದೇ ಆವೃತ್ತಿಗೆ ಹೊಂದುತ್ತವಾ ಅಂತ ಸಾಲಾಗಿ ನೋಡಿ. ಆಮೇಲೆ ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್‌ಗೆ ಹೋಗಿ, ಆಡಲು ತೆರೆದಾಗ ಮಾತ್ರ ಅಪ್‌ಡೇಟ್ ಮಾಡು ಅನ್ನುವ ಆಯ್ಕೆ ಇಡಿ. ಎಸ್‌ಕೆಎಸ್‌ಇಯ ಲೋಡರ್ ಫೈಲ್ ಇರಬೇಕಾದದ್ದು ಆಟದ ಮುಖ್ಯ ಫೋಲ್ಡರ್‌ನಲ್ಲಿ, ಡಾಟಾದೊಳಗಲ್ಲ. ಇದನ್ನೂ ಜಾಸ್ತಿ ಜನ ತಪ್ಪಿಸುತ್ತಾರೆ.

ಆಟವನ್ನಾಗಲಿ ಮಾಡ್ ಆರ್ಗನೈಸರನ್ನಾಗಲಿ ಪ್ರೋಗ್ರಾಮ್ ಫೈಲ್ಸ್ ಒಳಗೆ ಇಡಬೇಡಿ. ವಿಂಡೋಸ್ ಅಲ್ಲಿ ಬರೆಯಲು ಅಡ್ಡಿ ಮಾಡುತ್ತದೆ. ಆಂಟಿವೈರಸ್ ಏನಾದರೂ ಎತ್ತಿಟ್ಟಿದೆಯಾ ಅಂತಲೂ ಒಮ್ಮೆ ನೋಡಿ.

ಇಷ್ಟಾದರೂ ಸಿಗದಿದ್ದರೆ? ಆಗ ಅರ್ಧ ಮಾಡುವ ಉಪಾಯ. ಮೊದಲು ಮಾಡ್ ಆರ್ಗನೈಸರ್‌ನಲ್ಲಿ ಈಗಿನ ಪ್ರೊಫೈಲ್‌ನ (ನಿಮ್ಮ ಟಿಕ್‌ಗಳು, ಸಾಲು ಉಳಿದಿರುವುದು ಅದರಲ್ಲೇ) ಒಂದು ನಕಲು ಮಾಡಿಕೊಳ್ಳಿ. ಮೂಲವನ್ನು ಮುಟ್ಟಬೇಡಿ. ನಕಲಿನಲ್ಲಿ ಅರ್ಧ ಮಾಡ್‌ಗಳ ಟಿಕ್ ತೆಗೆದು ಹೊಸ ಆಟ ಶುರು ಮಾಡಿ. ನಡೆದರೆ ತಪ್ಪು ಇರುವುದು ಟಿಕ್ ತೆಗೆದ ಅರ್ಧದಲ್ಲಿ, ಇಲ್ಲದಿದ್ದರೆ ಉಳಿದ ಅರ್ಧದಲ್ಲಿ. ಮತ್ತೆ ಅರ್ಧ, ಮತ್ತೆ ಅರ್ಧ. ಐನೂರು ಮಾಡ್ ಇದ್ದರೂ ಒಂಬತ್ತು ಸುತ್ತಿನಲ್ಲಿ ಒಂದಕ್ಕೆ ಇಳಿಯುತ್ತದೆ. ಒಂದನ್ನೊಂದು ನೆಚ್ಚಿಕೊಂಡವುಗಳನ್ನು ಮಾತ್ರ ಒಟ್ಟಿಗೇ ಇಡಬೇಕು. ಹಳೇ ಸೇವ್‌ನಲ್ಲಿ ಈ ಪರೀಕ್ಷೆ ಯಾವತ್ತೂ ಬೇಡ. ನಡುವೆ ಕಿತ್ತ ಮಾಡ್‌ನ ಸ್ಕ್ರಿಪ್ಟ್‌ಗಳು ಸೇವ್‌ನೊಳಗೆ ಉಳಿದುಬಿಡುತ್ತವೆ. ನೂರು ಗಂಟೆ ಆಡಿದ ಸೇವ್ ಹೀಗೆ ಹಾಳಾದಾಗ ಆಗುವ ಸಂಕಟ ಯಾರಿಗೂ ಬೇಡ.

ಇದನ್ನೆಲ್ಲ ಮಾಡಿಯೂ ಆಗಲಿಲ್ಲ ಅಂದರೆ ಖಂಡಿತ ನನ್ನನ್ನು ಕೇಳಿ, ಕೂತು ನೋಡೋಣ. ಆಟದ ಆವೃತ್ತಿ, ಕೊನೆಗೆ ಹಾಕಿದ ಅಥವಾ ತೆಗೆದ ಮಾಡ್, ಆಟ ಯಾಕೆ ಬಿತ್ತು ಅಂತ ಬರೆದಿಡುವ ಕ್ರ್ಯಾಶ್ ಲಾಗರ್ ಹಾಕಿದ್ದರೆ ಅದರ ಲಾಗ್, ಈ ಮೂರನ್ನೂ ಕಳಿಸಿ. ಜೊತೆಗೊಂದು ಸ್ಕ್ರೀನ್‌ಶಾಟ್. ಎಡಗಡೆ ಪಟ್ಟಿ ಮಾತ್ರ ಸಾಲದು, ಬಲಗಡೆಯದೂ ಕಾಣಬೇಕು.