ಹಳದಿ ಮುಚ್ಚಳದ ಬಾಟಲಿ

ಶನಿವಾರ, ನವೆಂಬರ್ 16, 2024
ಲ್ಯೂವೆನ್, ಬೆಲ್ಜಿಯಂ

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಐದು ಗಂಟೆಗೆಲ್ಲ ಕತ್ತಲಾಯಿತು. ಇಂಥ ಸಂಜೆಗೆ ಅಂತಲೇ ಎತ್ತಿಟ್ಟಿದ್ದ ಮೂರು ಬಿಯರ್‌ಗಳನ್ನು ಇವತ್ತು ತೆಗೆದೆವು. ವೆಸ್ಟ್‌ವ್ಲೆಟೆರೆನ್ 12, ಸಿಂಟ್ ಬರ್ನಾರ್ಡಸ್ ಆಬ್ಟ್ 12, ರೋಶ್‌ಫೋರ್ 10. ಮೂರೂ ಕಡುಗಂದು ಬಣ್ಣದವು, ಇಲ್ಲಿನವರು ಕ್ವಾಡ್ರುಪೆಲ್ ಅನ್ನುವ ಜಾತಿಯವು.

ಈ 12, 10 ಅನ್ನುವ ಅಂಕಿಗಳು ಆಲ್ಕೋಹಾಲ್‌ನ ಪ್ರಮಾಣವಲ್ಲ. ಹುದುಗುವ ಮೊದಲು ರಸ ಎಷ್ಟು ದಟ್ಟವಾಗಿದೆ ಅಂತ ಅಳೆಯುವ ಹಳೆಯ ಬೆಲ್ಜಿಯನ್ ಲೆಕ್ಕದಿಂದ ಬಂದವು. ಆಲ್ಕೋಹಾಲ್ ನೋಡಿದರೆ ವೆಸ್ಟ್‌ವ್ಲೆಟೆರೆನ್ ಶೇ. 10.2, ಆಬ್ಟ್ ಶೇ. 10, ರೋಶ್‌ಫೋರ್ ಶೇ. 11.3. ಬಾಟಲಿ ಚಿಕ್ಕದು, 330 ಮಿ.ಲೀ. ಆದರೆ ಒಂದು ರೋಶ್‌ಫೋರ್‌ನಲ್ಲಿ ಸುಮಾರು 37 ಮಿ.ಲೀ. ಆಲ್ಕೋಹಾಲ್ ಇರುತ್ತದೆ. ಊರಿನಲ್ಲಿ ಸಿಗುವ ಶೇ. 5ರ 650 ಮಿ.ಲೀ. ಬಾಟಲಿಯಲ್ಲೂ ಅಷ್ಟು ಇರುವುದಿಲ್ಲ. ಅದಕ್ಕೇ ಒಂದೊಂದು ಬಾಟಲಿಯನ್ನು ಇಬ್ಬರೂ ಹಂಚಿಕೊಂಡೆವು. ಮಧ್ಯೆ ಬ್ರೆಡ್ಡು, ಚೀಸು, ನೀರು.

ವೆಸ್ಟ್‌ವ್ಲೆಟೆರೆನ್ ತಂದಿದ್ದು ಹೋದ ತಿಂಗಳು. ಅದನ್ನು ತಯಾರಿಸುವ ಸಿಂಟ್ ಸಿಕ್ಸ್ಟಸ್ ಅನ್ನುವ ಕ್ರೈಸ್ತ ಮಠದ ಎದುರಿಗೇ ‘ಇನ್ ದ ವ್ರೇಡೆ’ ಅನ್ನುವ ಕೆಫೆ ಇದೆ. ಅಲ್ಲಿನ ಅಂಗಡಿಯಲ್ಲಿ ಅದೃಷ್ಟಕ್ಕೆ ಕೆಲವು ಬಾಟಲಿ ಸಿಕ್ಕವು. ಪೆಟ್ಟಿಗೆಗಟ್ಟಲೆ ಬೇಕಿದ್ದರೆ ಮಠಕ್ಕೆ ಮುಂಗಡ ಹೇಳಿಡಬೇಕು. ದಶಕಗಟ್ಟಲೆ ಲೇಬಲ್ಲೇ ಇಲ್ಲದೆ ಮಾರಾಟವಾದ ಬಿಯರ್ ಇದು. ಮುಚ್ಚಳದ ಬಣ್ಣವೇ ಗುರುತು. 12ಕ್ಕೆ ಹಳದಿ, 8ಕ್ಕೆ ನೀಲಿ. ಮಠ ನಡೆಯುವಷ್ಟು ದುಡ್ಡು ಬಂದರೆ ಸಾಕು ಅಂತ ಸನ್ಯಾಸಿಗಳು ಜಾಸ್ತಿ ತಯಾರಿಸುವುದಿಲ್ಲ. ಈ ಮಾತು ನನಗೆ ತುಂಬಾ ಹಿಡಿಸಿತು.

ಯಾವುದು ಯಾವುದು ಅಂತ ಗೊತ್ತಾಗದ ಹಾಗೆ ಹೆಂಡತಿ ಅಡುಗೆಮನೆಯಲ್ಲೇ ಬಗ್ಗಿಸಿ ತಂದಳು. ಬಾಟಲಿಯೊಳಗೇ ಇನ್ನೊಮ್ಮೆ ಹುದುಗುವ ಬಿಯರ್ ಆದ್ದರಿಂದ ತಳದಲ್ಲಿ ಯೀಸ್ಟಿನ ಮಡ್ಡಿ ಇರುತ್ತದೆ. ಮಜ್ಜಿಗೆಯ ತಿಳಿ ಬಗ್ಗಿಸುವ ಹಾಗೆ ನಿಧಾನಕ್ಕೆ ಬಗ್ಗಿಸಿ, ಕೊನೆಯ ಒಂದು ಬೆರಳಷ್ಟನ್ನು ಬಿಡಬೇಕು.

ಬಾಟಲಿಗಳು ಫ್ರಿಜ್ಜಿನಿಂದ ಆಗಷ್ಟೇ ಬಂದಿದ್ದವು. ಮೊದಲ ಗುಟುಕಿನಲ್ಲಿ ಮೂರೂ ಒಂದೇ ಥರ ಸಿಹಿ, ಅಷ್ಟೇ. ಗ್ಲಾಸುಗಳನ್ನು ಹಾಗೇ ಬಿಟ್ಟು ಅರ್ಧ ಗಂಟೆ ಮಾತಾಡುತ್ತಾ ಕೂತೆವು. ಆಮೇಲೆ ಮೂಗಿಗೆ ಹಿಡಿದರೆ ಬೇರೆಯದೇ ಲೋಕ. ಈ ಬಿಯರ್‌ಗಳಿಗೆ 12ರಿಂದ 15 ಡಿಗ್ರಿ ಬೇಕು. ತಂಪು ಜಾಸ್ತಿಯಾದರೆ ಪರಿಮಳ ಏಳುವುದೇ ಇಲ್ಲ.

ಒಂದನೇ ಗ್ಲಾಸಿನಲ್ಲಿ ಒಣದ್ರಾಕ್ಷಿ, ಮಾಗಿದ ಬಾಳೆಹಣ್ಣು, ಒಂಚೂರು ಲವಂಗ. ನಾಲಿಗೆ ಮೇಲೆ ಕೆನೆಯ ಹಾಗೆ ನುಣುಪು. ಎರಡನೆಯದರಲ್ಲಿ ಅಂಜೂರ, ಕಂದಿದ ಸಕ್ಕರೆ, ಸೀದ ಬ್ರೆಡ್ಡಿನ ಅಂಚು. ಸಿಹಿಯಾಗಿ ಶುರುವಾಗಿ ಕೊನೆಗೆ ಒಣಗುತ್ತದೆ, ಹಿತವಾದ ಕಹಿ ಉಳಿಯುತ್ತದೆ. ಹೆಂಡತಿ ಶಿರಸಿ ಕಡೆಯವಳು. ಒಂದು ಗುಟುಕು ಕುಡಿದು, “ಇದು ಜೋನಿಬೆಲ್ಲ ಕಣ್ರೀ, ಆಲೆಮನೆಯಲ್ಲಿ ಬಿಸಿಬಿಸಿ ತೆಗೆದದ್ದು” ಅಂದಳು. ಎಷ್ಟೋ ವಿಮರ್ಶೆ ಓದಿದ್ದೇನೆ, ಇಷ್ಟು ಸರಿಯಾದ ಮಾತು ಸಿಕ್ಕಿರಲಿಲ್ಲ. ಕಾರಣವೂ ಇದೆ. ಈ ಬಿಯರ್‌ಗಳಿಗೆ ಕಂದು ಬಣ್ಣಕ್ಕೆ ಕಾಯಿಸಿದ ಸಕ್ಕರೆ ಪಾಕ ಹಾಕುತ್ತಾರೆ. ಬರೀ ಮಾಲ್ಟಿನಿಂದಲೇ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದಲೇ, ಇಷ್ಟು ಆಲ್ಕೋಹಾಲ್ ತರಲು ಹೋದರೆ ಬಿಯರ್ ಪಾಯಸದಂತೆ ಮಂದವಾಗುತ್ತದೆ. ಪಾಕದ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ಪೂರ್ತಿ ತಿಂದುಬಿಡುತ್ತದೆ. ಪರಿಮಳ ಉಳಿಯುತ್ತದೆ, ಭಾರ ಉಳಿಯುವುದಿಲ್ಲ.

ಮೂರನೆಯದು ರೋಶ್‌ಫೋರ್ ಅಂತ ಕುಡಿದ ತಕ್ಷಣ ಹೇಳಿದೆ. ಎಲ್ಲಕ್ಕಿಂತ ಕಪ್ಪು. ಕಹಿ ಚಾಕಲೇಟು, ಕಾಫಿ ಡಿಕಾಕ್ಷನ್ನಿನ ವಾಸನೆ, ಕಾಳುಮೆಣಸಿನ ಚುರುಕು. ನುಂಗಿದ ಮೇಲೆ ಎದೆಯಲ್ಲಿ ನಿಧಾನಕ್ಕೆ ಬೆಚ್ಚಗಾಗುತ್ತದೆ. ಶೇ. 11.3 ಇದ್ದರೂ ಗಂಟಲಿಗೆ ಘಾಟಿಲ್ಲ. ಊರಿನಲ್ಲಿ ‘ಸ್ಟ್ರಾಂಗ್’ ಅಂದರೆ ಬೇಗ ಏರಬೇಕು, ರುಚಿ ಗೊತ್ತಾಗದಷ್ಟು ತಣ್ಣಗಿರಬೇಕು, ಅಲ್ವಾ? ಇಲ್ಲಿ ಗಟ್ಟಿ ಬಿಯರ್ ಅಂದರೆ ಒಂದು ಗ್ಲಾಸಿಗೆ ಒಂದು ಗಂಟೆ.

ಮೊದಲೆರಡನ್ನು ಮಾತ್ರ ಅದಲುಬದಲು ಹೇಳಿದೆ. ನುಣುಪಾದದ್ದು ವೆಸ್ಟ್‌ವ್ಲೆಟೆರೆನ್ ಅಂದುಕೊಂಡಿದ್ದೆ, ಅದು ಆಬ್ಟ್. ಇವೆರಡೂ ಒಂದೇ ಬೇರಿನವು. 1946ರಿಂದ 1992ರವರೆಗೆ ಸಿಂಟ್ ಸಿಕ್ಸ್ಟಸ್ ಮಠದ ಪರವಾನಗಿ ಪಡೆದು ಮಠದ ಹೆಸರಿನ ಬಿಯರ್ ಮಾಡುತ್ತಿದ್ದದ್ದು ಪಕ್ಕದ ವಾಟು ಊರಿನ ಈ ಸಿಂಟ್ ಬರ್ನಾರ್ಡಸ್ ಬ್ರೂವರಿಯೇ. ಮಠದ ಗೋಡೆಯೊಳಗೆ ತಯಾರಾದರೆ ಮಾತ್ರ ಟ್ರಾಪಿಸ್ಟ್ (ಈ ಸನ್ಯಾಸಿಗಳ ಪಂಥದ ಹೆಸರು) ಬಿಯರ್ ಅನ್ನಬೇಕು ಅನ್ನುವ ನಿಯಮ ಗಟ್ಟಿಯಾದ ಮೇಲೆ ದಾರಿಗಳು ಬೇರೆಯಾದವು. ಆಬ್ಟ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಹಳದಿ ಮುಚ್ಚಳ ಸಿಗಲಿಲ್ಲ ಅಂತ ಯಾರೂ ಕೊರಗಬೇಕಿಲ್ಲ.

ನನ್ನ ಅಂಕಗಳು: ರೋಶ್‌ಫೋರ್‌ಗೆ ಹತ್ತಕ್ಕೆ ಒಂಬತ್ತೂವರೆ, ವೆಸ್ಟ್‌ವ್ಲೆಟೆರೆನ್‌ಗೆ ಒಂಬತ್ತು, ಆಬ್ಟ್‌ಗೆ ಎಂಟೂಮುಕ್ಕಾಲು. ಹೆಂಡತಿಗೆ ಜೋನಿಬೆಲ್ಲವೇ ಮೊದಲು.

ಇನ್ನೂ ಎರಡು ರೋಶ್‌ಫೋರ್ ಇವೆ. ಮುಚ್ಚಳದ ಮೇಲೆ ಇವತ್ತಿನ ತಾರೀಖು ಬರೆದು ನೆಲಮಾಳಿಗೆಯ ಕತ್ತಲಲ್ಲಿ ನೆಟ್ಟಗೆ ನಿಲ್ಲಿಸಿದ್ದೇನೆ. ಒಂದು 2026ರ ನವೆಂಬರ್‌ಗೆ, ಇನ್ನೊಂದು 2029ಕ್ಕೆ.