ಎದೆ ಮೇಲಿನ ಚಾಕು ಮೊಸಳೆಗಲ್ಲ

ನಾನು ರಾಫ್ಟಿಂಗ್ ಗೈಡ್. ದಾಂಡೇಲಿ ಸೀಸನ್‌ನಲ್ಲಿ ಬೋಟ್ ಹತ್ತುವ ಮೊದಲು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಗುರೂ, ಎದೆ ಮೇಲೆ ಚಾಕು ಯಾಕೆ? ಮೊಸಳೆಗಾ?" ಕಾಳಿ ನದಿಯಲ್ಲಿ ಮೊಸಳೆ ಇರುವುದು ನಿಜ. ಆದರೆ ಮೂರಿಂಚಿನ ಚಾಕು ಹಿಡಿದು ಅದರ ಎದುರು ನಿಲ್ಲುವ ಧೈರ್ಯ ನನಗಂತೂ ಇಲ್ಲ. ಚಾಕು ಇರುವುದು ಹಗ್ಗಕ್ಕೆ. ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗದ ಚೀಲ ಥ್ರೋ ಬ್ಯಾಗ್, ಮಗುಚಿದ ಬೋಟ್ ತಿರುಗಿಸುವ ಫ್ಲಿಪ್ ಲೈನ್, ಬೋಟ್ ಸುತ್ತ ಕಟ್ಟುವ ಪೆರಿಮೀಟರ್ ಲೈನ್, ಎಲ್ಲವೂ ಜೀವ ಉಳಿಸೋಕೇ ಇರುವಂಥವು. ಸಡಿಲ ಬಿಟ್ಟಿರೋ, ಅದೇ ಕಾಲಿಗೆ ಸುತ್ತಿಕೊಳ್ಳುತ್ತದೆ.

ಹೊಸ ಹುಡುಗರಿಗೆ ಈ ಪಾಠ ಮಾಡುತ್ತಿದ್ದವನು ನಾನೇ. ಪಾಠ ಮಾಡುತ್ತಾ ನನ್ನ ಪಿಎಫ್‌ಡಿ (ಲೈಫ್ ಜಾಕೆಟ್) ಜೇಬಿನಲ್ಲಿ ಇಟ್ಟುಕೊಂಡಿದ್ದು ಮಾತ್ರ ಮಡಚುವ ಚಾಕು. ಒಳ್ಳೇ ಬ್ರಾಂಡ್, ರೇಟೂ ಜಾಸ್ತಿ. ಹೆಬ್ಬೆರಳಿನಿಂದ ತಳ್ಳಿದರೆ ಟಕ್ ಅಂತ ತೆರೆದುಕೊಳ್ಳುತ್ತಿತ್ತು. ಬೇಸ್ ಕ್ಯಾಂಪಿನ ಕುರ್ಚಿಯಲ್ಲಿ ಕೂತಿದ್ದಾಗ.

ಮಳೆಗಾಲಕ್ಕೆ ನಾವೆಲ್ಲ ದಕ್ಷಿಣ ಕೊಡಗಿನ ಬರಪೊಳೆಗೆ ಹೋಗುತ್ತೇವೆ. ಕಾಳಿಯಲ್ಲಿ ನೀರು ಸೂಪಾ ಅಣೆಕಟ್ಟಿನಿಂದ ಬಿಟ್ಟಷ್ಟು. ಬರಪೊಳೆಯಲ್ಲಿ ಬ್ರಹ್ಮಗಿರಿ ಕಡೆ ಮಳೆ ಸುರಿದಷ್ಟು. ಅದು ಆಗಸ್ಟ್. ನೀರಿನ ಮಟ್ಟ ನೋಡುವ ಗೇಜ್ ಕಲ್ಲು ಅರ್ಧ ಮುಳುಗಿತ್ತು. ಟ್ರಿಪ್ ಲೀಡರ್ ಹೂಂ ಅಂದ. ಬೆಂಗಳೂರಿನ ಒಂದು ಆಫೀಸ್ ಗ್ಯಾಂಗು, ನನ್ನ ಬೋಟ್‌ನಲ್ಲಿ ಆರು ಜನ. ಅಂದು ನಮ್ಮದು ಎರಡನೇ ಟ್ರಿಪ್. ಒಂದು ಬ್ಯಾಚ್ ಇಳಿಸಿ, ಬೋಟ್ ಜೀಪಿಗೆ ಹಾಕಿ, ಮೇಲೆ ತಂದು ಮತ್ತೆ ನೀರಿಗೆ ಬಿಡಲು ಆಫೀಸಿನವರು ಕೊಟ್ಟ ಟೈಮಲ್ಲಿ ಒಂದು ಟೀ ಕುಡಿಯಬಹುದು, ಅಷ್ಟೇ. ಎಡಗಡೆ ಪೆರಿಮೀಟರ್ ಲೈನ್ ಜೋತು ಬಿದ್ದಿದ್ದು ಕಣ್ಣಿಗೆ ಬಿತ್ತು. ಸಂಜೆ ನೋಡಿಕೊಂಡರಾಯ್ತು ಅಂದುಕೊಂಡೆ.

ಮಾರ್ನಿಂಗ್ ಕಾಫಿ ಅನ್ನುವ ರಭಸದ ಇಳಿಜಾರು ಸಲೀಸಾಗಿ ದಾಟಿತು. ಕೆಳಗೆ ಒಂದು ಬಂಡೆಗೆ ಬೋಟ್ ಅಡ್ಡ ಹೊಡೆಯಿತು. "ಹೈ ಸೈಡ್!" ಅಂತ ಕೂಗಿದೆ, ಮೇಲೆದ್ದ ಬದಿಗೆ ಎಲ್ಲರೂ ಹಾರಿ ಭಾರ ಹಾಕಿ ಅಂತ. ಇಬ್ಬರು ಹಾರಿದರು. ಉಳಿದ ನಾಲ್ವರು ನನ್ನ ಮುಖ ನೋಡಿದರು. ಬೋಟ್ ಮಗುಚಿತು.

ನಾನು ಮಗುಚಿದ ಬೋಟ್ ಮೇಲೆ ಹತ್ತಿ ತಲೆ ಎಣಿಸಿದೆ. ಐದು ಜನ ತೇಲುತ್ತಾ ಎಡ್ಡಿ, ಅಂದರೆ ಬಂಡೆ ಮರೆಯ ಶಾಂತ ನೀರಿನ ಕಡೆ ಹೋಗುತ್ತಿದ್ದರು. ಆರನೆಯವನು ಬೋಟ್ ಪಕ್ಕದಲ್ಲೇ ಇದ್ದ. ಬೋಟ್ ಬಂಡೆಗೆ ಕಚ್ಚಿಕೊಂಡಿತ್ತು, ಅವನ ಕಾಲು ಲೈನ್‌ಗೆ ಸಿಕ್ಕಿಕೊಂಡಿತ್ತು. ನೀರು ಅವನನ್ನು ಒಂದು ಕಡೆ ಎಳೆಯುತ್ತಿದೆ, ಹಗ್ಗ ಇನ್ನೊಂದು ಕಡೆ. ಅಲೆ ಬಂದಾಗಲೆಲ್ಲ ಹೆಲ್ಮೆಟ್ ಮಾತ್ರ ಕಾಣುತ್ತಿತ್ತು. ಅಲೆ ಇಳಿದಾಗ ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದ. ಕೂಗಲೂ ಅವನಿಗೆ ಪುರಸೊತ್ತಿರಲಿಲ್ಲ.

ಎಡಗೈಯಲ್ಲಿ ಅವನ ಜಾಕೆಟ್ ಹಿಡಿದೆ. ಬಲಗೈಯಲ್ಲಿ ಜೇಬಿನ ಜಿಪ್. ಜಿಪ್ ಅರ್ಧಕ್ಕೆ ನಿಂತಿತು. ಹೇಗೋ ಚಾಕು ಹೊರಗೆ ಬಂತು. ಹೆಬ್ಬೆರಳು ಮರಗಟ್ಟಿತ್ತು. ತಳ್ಳುವ ಗುಬುಟು ಎಲ್ಲಿದೆ ಅಂತಲೇ ಬೆರಳಿಗೆ ಗೊತ್ತಾಗಲಿಲ್ಲ. ಸಿಕ್ಕಿತು, ತಳ್ಳಿದೆ, ಕರ್ ಅಂದು ಕಾಲು ಭಾಗ ತೆರೆದು ನಿಂತುಬಿಟ್ಟಿತು. ಸೀಸನ್ ಪೂರ್ತಿ ಹೊಳೆಯ ಸಣ್ಣ ಮರಳು ಆ ಕೀಲಿನೊಳಗೆ ಕೂತಿತ್ತು. ಇನ್ನೊಂದು ಕೈ ಬೇಕು. ಆ ಕೈ ಬಿಟ್ಟರೆ ಅವನ ತಲೆ ಕೆಳಗೆ. ಹಲ್ಲಲ್ಲಿ ಕಚ್ಚಿ ಬಿಡಿಸಲು ಹೋದೆ. ಚಾಕು ಜಾರಿ ಹೊಳೆಗೆ ಬಿತ್ತು.

ಅಷ್ಟರಲ್ಲಿ ರಕ್ಷಣೆಗೆ ಅಂತ ಜೊತೆಗೇ ಬರುವ ಸಣ್ಣ ದೋಣಿ, ಸೇಫ್ಟಿ ಕಯಾಕ್‌ನ ಹುಡುಗ ಬಂದ. ಗಣೇಶಗುಡಿಯವನು, ನನಗಿಂತ ಎಷ್ಟೋ ಚಿಕ್ಕವನು. ಅವನ ಭುಜದ ಹತ್ತಿರ ಒರೆಯಲ್ಲಿ ಒಂದು ಮೊಂಡು ಮೂತಿಯ ಚಾಕು ಇರುತ್ತಿತ್ತು. "ಅದರಲ್ಲಿ ಬೆಣ್ಣೆ ಹಚ್ಚೋದಾ?" ಅಂತ ನಾನು ರೇಗಿಸುತ್ತಿದ್ದೆ. ಎಡಗೈಯಲ್ಲಿ ಎಳೆದ, ಹಗ್ಗಕ್ಕೆ ಮುಟ್ಟಿಸಿದ. ಬಿಗಿಯಾದ ಹಗ್ಗ ನೋಡಿ, ಕೊಯ್ಯಲೇ ಬೇಕಾಗಲಿಲ್ಲ, ಟಪ್ ಅಂತ ಹೋಯಿತು. "ಬಿಡಣ್ಣಾ, ಇನ್ನು ಬಿಡು" ಅಂದ. ನಾನು ಜಾಕೆಟ್ ಇನ್ನೂ ಹಿಡಿದೇ ಇದ್ದೆ.

ಗೆಸ್ಟ್‌ಗೆ ಹೋಗಿದ್ದು ಒಂದು ಶೂ. ಟ್ರಿಪ್ ಮುಗಿದು ದಡ ಹತ್ತುವ ಟೇಕ್-ಔಟ್‌ನಲ್ಲಿ ಬಿಸಿ ಕಾಫಿ ಕುಡಿದು ಅವನು ಕೇಳಿದ ಮೊದಲ ಪ್ರಶ್ನೆ, "ಬ್ರೋ, ಗೋಪ್ರೋದಲ್ಲಿ ಬಂದಿದೆಯಾ?"

ಇನ್ಸಿಡೆಂಟ್ ರಿಪೋರ್ಟ್‌ನಲ್ಲಿ ಕಾರಣ ಅನ್ನುವ ಕಾಲಂ ಇದೆ. ಲೈನ್ ಸಡಿಲ ಇತ್ತು, ಎರಡು ಟ್ರಿಪ್ ಮಧ್ಯೆ ರಿಗ್ಗಿಂಗ್ (ಬೋಟ್‌ಗೆ ಹಗ್ಗ ಕಟ್ಟಿದ್ದು) ನೋಡಲು ಟೈಮ್ ಇಲ್ಲ ಅಂತ ಬರೆದೆ. ಕೆಳಗೆ, ಚಾಕು ತೆರೆಯಲಿಲ್ಲ ಅಂತಲೂ ಬರೆದೆ. ಹೆಡ್ ಆಫೀಸಿಗೆ ಆ ಕೊನೇ ಸಾಲು ಮಾತ್ರ ಕಂಡಿತು. ಚಾಕುವನ್ನಾದರೆ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಬಹುದು, ಟೈಮ್ ಸಿಗಲ್ಲವಲ್ಲ.

ಒಂದು ಡಬ್ಬಿ ಬಂತು. 'ಸರ್ವೈವಲ್' ಚಾಕುಗಳು. ಹತ್ತಿಂಚಿನ ಬ್ಲೇಡ್, ಬೆನ್ನ ಮೇಲೆ ಗರಗಸ, ಹಿಡಿಯೊಳಗೆ ಬೆಂಕಿಕಡ್ಡಿ, ಗಾಳದ ಕೊಕ್ಕೆ, ಮುಚ್ಚಳದಲ್ಲಿ ದಿಕ್ಸೂಚಿ. ಹೊಳೆಯಲ್ಲಿ ದಿಕ್ಕು ಒಂದೇ ಸ್ವಾಮಿ, ಕೆಳಗೆ! ಒಬ್ಬ ಹುಡುಗ ಅದನ್ನು ಕಟ್ಟಿಕೊಂಡು ಫ್ಲಿಪ್ ಡ್ರಿಲ್, ಅಂದರೆ ಬೋಟ್ ಮಗುಚಿ ತಿರುಗಿಸುವ ಅಭ್ಯಾಸ, ಮಾಡಿದ. ಚಾಕು ಒರೆಯಿಂದ ಜಾರಿ ಬೋಟ್‌ನ ಗಾಳಿ ತುಂಬಿದ ಟ್ಯೂಬ್‌ಗೇ ಚುಚ್ಚಿತು. ಪ್ಯಾಚ್ ಹಾಕಿ ಅಂಟು ಒಣಗುವವರೆಗೆ ಬೋಟ್ ಶೆಡ್‌ನಲ್ಲಿ. ಅಡುಗೆಯವರು ಇನ್ನೊಂದರಲ್ಲಿ ತೆಂಗಿನಕಾಯಿ ಹೊಡೆದರು. ಹಿಡಿ ಕೈಯಲ್ಲಿ ಉಳಿಯಿತು, ಬ್ಲೇಡ್ ಹಾರಿತು. ಟೊಳ್ಳು ಹಿಡಿಯ ಚಾಕು ನಿಂತಿರುವುದೇ ಒಂದು ನಟ್ ಮೇಲೆ. ಮತ್ತೊಂದನ್ನು ಡ್ರೈವರ್ ಜೀಪ್ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಚೆಕ್‌ಪೋಸ್ಟ್‌ನಲ್ಲಿ ಉತ್ತರ ಹೇಳಬೇಕಾಯಿತು. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಬ್ಲೇಡ್ ಶಸ್ತ್ರಾಸ್ತ್ರ ನಿಯಮದ ಪಟ್ಟಿಯಲ್ಲಿ ಬರುತ್ತದೆ. ಮನೆಗೆಲಸಕ್ಕೆ, ತೋಟದ ಕೆಲಸಕ್ಕೆ ಅಂತ ಮಾಡಿದ್ದಕ್ಕೆ ವಿನಾಯಿತಿ ಇದೆ. ಅದಕ್ಕೇ ನಮ್ಮ ಜೀಪಿನ ಕತ್ತಿಯನ್ನು ಯಾರೂ ಕೇಳಿದ್ದಿಲ್ಲ. ಊರಿನ ಕುಲುಮೆಯಲ್ಲಿ ಲಾರಿ ಸ್ಪ್ರಿಂಗ್ ಪ್ಲೇಟ್ ಬಡಿದು ಮಾಡಿದ್ದು. ರಸ್ತೆಗೆ ಕೊಂಬೆ ಬಿದ್ದರೆ ಅದರ ಮುಂದೆ ಯಾವ ಸರ್ವೈವಲ್ ಚಾಕುವೂ ಇಲ್ಲ.

ನೀರಿಗೆ ತೆಗೆದುಕೊಳ್ಳುವವರು ಬ್ಲೇಡನ್ನು ಕೊನೆಗೆ ನೋಡಿ, ಮೊದಲು ಒರೆ. ತಲೆಕೆಳಗೆ ಮಾಡಿ ಜಾಡಿಸಿದರೂ ಬೀಳಬಾರದು, ಎಳೆದರೆ ಒಂದೇ ಎಳೆತಕ್ಕೆ ಬರಬೇಕು. ಎರಡೂ ಕೈಗೆ ಎಟುಕುವ ಜಾಗದಲ್ಲಿ ಇರಬೇಕು. ಕಳೆದುಹೋಗುತ್ತದೆ ಅಂತ ದಾರ ಕಟ್ಟಬೇಡಿ, ಅದೂ ಒಂದು ಹಗ್ಗವೇ. ತುದಿ ಮೊಂಡು ಇರಲಿ, ಪಕ್ಕದಲ್ಲಿ ಮನುಷ್ಯನ ಕಾಲೂ ಇರುತ್ತದೆ, ಟ್ಯೂಬೂ ಇರುತ್ತದೆ. ಮೂರಿಂಚು ಸಾಕು. ಹಲ್ಲಿನ ಅಂಚು ಸ್ವಲ್ಪ ಇರಲೇಬೇಕು, ಒದ್ದೆ ಹಗ್ಗದ ಮೇಲೆ ನುಣುಪು ಅಂಚು ಜಾರುತ್ತದೆ. ಹಿಡಿ ಹಳದಿಯೋ ಕಿತ್ತಳೆಯೋ, ಬಿದ್ದರೆ ಕಾಣಬೇಕು.

ಸ್ಟೀಲ್ ವಿಚಾರದಲ್ಲಿ ತಲೆ ಜಾಸ್ತಿ ಕೆಡಿಸಿಕೊಳ್ಳಬೇಡಿ. ಹೈ ಕಾರ್ಬನ್ ಆದರೆ ಸಾಣೆ ಬೇಗ ಹಿಡಿಯುತ್ತದೆ, ಆದರೆ ಕೊಡಗಿನ ಮಳೆಯಲ್ಲಿ ಒಂದು ರಾತ್ರಿ ಮರೆತರೂ ತುಕ್ಕು. ಎಚ್1 ಅನ್ನುವ ಸ್ಟೀಲ್‌ನಲ್ಲಿ ಕಾರ್ಬನ್ ತೀರಾ ಕಮ್ಮಿ, ನೈಟ್ರೋಜನ್ ಸೇರಿಸಿರುತ್ತಾರೆ, ಉಪ್ಪುನೀರಿಗೂ ಜಗ್ಗಲ್ಲ. ರೇಟ್ ಮಾತ್ರ ಕೇಳಬೇಡಿ. ನಾನೀಗ ಇಟ್ಟಿರುವುದು ಸಾದಾ ಸ್ಟೇನ್‌ಲೆಸ್, ಫುಲ್ ಟ್ಯಾಂಗ್, ಅಂದರೆ ಬ್ಲೇಡ್‌ನ ಉಕ್ಕು ಹಿಡಿಯ ತುದಿವರೆಗೂ ಇದೆ. ಸಂಜೆ ಒರೆ ಸಮೇತ ತೊಳೆದು ಒಣಗಿಸುತ್ತೇನೆ.

ಹಳೇ ಥ್ರೋ ಬ್ಯಾಗ್ ಹಗ್ಗವನ್ನು ಬಿಸಾಡುವುದು ಬಿಟ್ಟಿದ್ದೇವೆ. ಮರಕ್ಕೆ ಕಟ್ಟಿ, ಒಬ್ಬ ಎಳೆದು ಹಿಡಿಯುತ್ತಾನೆ. ಇನ್ನೊಬ್ಬ ಐಸ್ ನೀರಲ್ಲಿ ಕೈ ಅದ್ದಿ, ಕಣ್ಣು ಮುಚ್ಚಿ, ಚಾಕು ತೆಗೆದು ಕೊಯ್ಯಬೇಕು. ಮೊದಲು ಬಲಗೈ, ಆಮೇಲೆ ಎಡಗೈ. ಸಡಿಲ ಹಗ್ಗವನ್ನೂ ಕೊಯ್ದು ನೋಡಿ, ಅದು ಎಷ್ಟು ಸತಾಯಿಸುತ್ತದೆ ಅಂತ ಗೊತ್ತಾಗುತ್ತದೆ. ಮಡಚಿ ಕುಣಿಕೆ ಮಾಡಿ, ಒಳಗಿನಿಂದ ನಿಮ್ಮ ಕಡೆಗಲ್ಲದೆ ಆಚೆಗೆ ಎಳೆಯಬೇಕು.

ಈಗ ಆಫೀಸಿನಿಂದ ಹೊಸ ಐಡಿಯಾ ಬಂದಿದೆ. ಪ್ರತಿ ಗೆಸ್ಟ್‌ಗೂ ಒಂದೊಂದು ಚಾಕು ಕೊಟ್ಟರೆ ಹೇಗೆ ಅಂತ. ಬೇಡ ಸಾರ್. ಹೈ ಸೈಡ್ ಅಂದರೆ ಮುಖ ನೋಡುವವರ ಕೈಗೆ ಚಾಕು ಬೇಡ. ಎರಡು ಟ್ರಿಪ್ ಮಧ್ಯೆ ಇನ್ನರ್ಧ ಗಂಟೆ ಕೊಡಿ, ಲೈನ್ ಬಿಗಿ ಮಾಡಿಕೊಳ್ಳುತ್ತೇವೆ.