ತಿಂಗಳಿಗೆ ಐದು ರೂಪಾಯಿ

ಮೊನ್ನೆ ಊರಿಗೆ ಹೋದಾಗ ದೊಡ್ಡಪ್ಪನ ಟ್ರಂಕಿನಲ್ಲಿ ಹಳೇ ಯಶಸ್ವಿನಿ ಕಾರ್ಡು ಸಿಕ್ಕಿತು. ಯಶಸ್ವಿನಿ ಅಂದರೆ ಕರ್ನಾಟಕದ ಸಹಕಾರ ಸಂಘಗಳ ಸದಸ್ಯರಿಗಾಗಿ ತಂದ ಆರೋಗ್ಯ ವಿಮೆ. ಮೂಲೆ ಇಲಿ ಕಡಿದಿತ್ತು, ಫೋಟೋದಲ್ಲಿ ಮೀಸೆ ಮಾತ್ರ ಉಳಿದಿತ್ತು.

2003ರ ಜೂನ್‌ನಲ್ಲಿ ಯಶಸ್ವಿನಿ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದು. ಇದರ ಹಿಂದಿದ್ದ ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಲೆಕ್ಕ ಸರಳವಾಗಿತ್ತು. ಆಪರೇಷನ್ ಬೇಕಾಗೋದು ಕೆಲವರಿಗೆ ಮಾತ್ರ, ಲಕ್ಷಾಂತರ ಜನ ಟೀ ದುಡ್ಡು ಹಾಕಿದರೆ ಅವರ ಖರ್ಚು ಹುಟ್ಟುತ್ತದೆ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ಹೇಗೆ ಸೇರಿದರು ಅನ್ನೋದೇ ನನಗೆ ಮಜಾ ಅನ್ನಿಸುವ ವಿಷಯ. ಅರವತ್ತು ರೂಪಾಯಿ ವಸೂಲಿಗೆ ಏಜೆಂಟನ್ನು ಹಳ್ಳಿಗೆ ಕಳಿಸಿದರೆ ಆ ದುಡ್ಡು ಅವನ ಬಸ್ ಚಾರ್ಜಿಗೇ ಮುಗೀತು, ಅಲ್ವಾ? ಅದಕ್ಕೇ ಸಹಕಾರ ಸಂಘಗಳನ್ನು ಹಿಡಿದರು. ದೊಡ್ಡಪ್ಪ ದಿನಾ ಹಾಲು ಹಾಕುತ್ತಿದ್ದ ಡೈರಿಯಲ್ಲೇ ಸೆಕ್ರೆಟರಿ ರಸೀದಿ ಹರಿದು ಕೊಟ್ಟರು. ಇನ್ಶೂರೆನ್ಸ್ ಅಂದರೆ ಏನು ಅಂತ ದೊಡ್ಡಪ್ಪ ಕೇಳಲೇ ಇಲ್ಲ, ಹೇಳಿದ್ದು ಸೆಕ್ರೆಟರಿ ಆದ್ದರಿಂದ ಸುಮ್ನೆ ಕಟ್ಟಿದರು.

2005ರಲ್ಲಿ ಕಂತು 120 ಆಯ್ತು. 20 ಲಕ್ಷ ದಾಟಿದ್ದ ಸದಸ್ಯರು 15 ಲಕ್ಷದ ಹತ್ತಿರಕ್ಕೆ ಇಳಿದರು. ಇಷ್ಟಕ್ಕೇ ಬಿಟ್ಟರಾ ಅಂತ ಪೇಟೆಯವರು ನಗಬಹುದು, ಆದರೆ ತುಂಬಿದ ಮನೆಗೆ ಅದು ನೂರಾರು ರೂಪಾಯಿ, ಅದೂ ಒಂದೇ ಸಲ ಎಣಿಸಿ ಕೊಡಬೇಕು, ಹೋದ ವರ್ಷ ಯಾರೂ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ ಅಂದರೆ ಕಟ್ಟಿದ್ದೆಲ್ಲ ದಂಡ ಅಂತಲೇ ಅನ್ನಿಸುತ್ತದೆ.

ದೊಡ್ಡಪ್ಪ ಬಿಡಲಿಲ್ಲ. ಹರ್ನಿಯಾ ಆಪರೇಷನ್ ಆಯ್ತು, ಕೈಯಿಂದ ಖರ್ಚಾಗಿದ್ದು ಓಡಾಟಕ್ಕೆ, ಊಟಕ್ಕೆ ಅಷ್ಟೇ. ಊರೆಲ್ಲಾ ಹೇಳಿಕೊಂಡು ಬಂದರು. ಎರಡು ಮಳೆಗಾಲ ಕಳೆದ ಮೇಲೆ ಡೆಂಗಿ ಬಂತು. ಅದೇ ಕಾರ್ಡು ತೋರಿಸಿದರೆ, ಇದು ಆಪರೇಷನ್ನಿಗೆ ಮಾತ್ರ, ಜ್ವರಕ್ಕೆ ಬರಲ್ಲ ಅಂದರು ಆಸ್ಪತ್ರೆಯವರು. ಹಾವು ಕಚ್ಚಿದರೆ, ಎತ್ತು ಹಾಯ್ದರೆ ಉಂಟು, ಸೊಳ್ಳೆ ಕಚ್ಚಿದರೆ ಇಲ್ಲ! ಕರು ಹಾಕಿದ್ದ ಎಮ್ಮೆ ಮಾರಿ ಬಿಲ್ ಕಟ್ಟಿದರು. "ಹಾವೇ ಕಚ್ಚಿದ್ರೆ ಎಮ್ಮೆ ಉಳೀತಿತ್ತು ಕಣೋ" ಅಂತ ಕೊನೇವರೆಗೂ ನಗುತ್ತಿದ್ದರು. ನಿಜ ಹೇಳಬೇಕೆಂದರೆ ಹಳ್ಳಿಯ ಮನೆಯನ್ನು ಆಪರೇಷನ್ನಿಗಿಂತ ಜಾಸ್ತಿ ಸವೆಸುವುದು ಇಂಥ ಜ್ವರ, ಔಷಧಿ, ಕೂಲಿ ತಪ್ಪಿದ ದಿನಗಳೇ.

2018ರಲ್ಲಿ ಯಶಸ್ವಿನಿಯನ್ನು ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿದರು. 2023ರ ಜನವರಿಯಿಂದ ಮತ್ತೆ ಬೇರೆಯಾಗಿ ಬಂತು. ಈಗ ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ.

ದೊಡ್ಡಮ್ಮ ಕಟ್ಟಿದ್ದಾರೆ. ಸೆರಗಿನ ಗಂಟು ಬಿಚ್ಚುವ ಮುಂಚೆ ಸೆಕ್ರೆಟರಿಯನ್ನು ಕೇಳಿದ್ದು ಒಂದೇ ಮಾತಂತೆ: "ಜ್ವರಕ್ಕೆ ಬರುತ್ತೋ ಇಲ್ವೋ, ಮೊದ್ಲು ಅದು ಹೇಳಪ್ಪಾ."